ಮಲಗಿದ ಎತ್ತುಗಳು ಮತ್ತು ಕ್ಯಾಂಪಿನಿಂದ ಬಂದ ಮಗಳು

ಕಳೆದ ವಾರ ಎರಡು ಎತ್ತುಗಳು ಸೇರಿ ಓಣಿಯಲ್ಲಿ ನನ್ನ ಮಾನ ಕಳೆದವು. (ಗಾಬರಿಯಾಗಬೇಡಿ. ಮಣ್ಣಿನ ಎತ್ತುಗಳು. ಹಾಯುವಂಥವಲ್ಲ.)

ಎತ್ತು ಮಾಡಿದವಳು ನನ್ನ ಮಗಳು ಕೃಪಾ. ಒಯ್ದು ಕೊಟ್ಟವಳು ನಾನು. ನೋಡಿ ನಕ್ಕವರು ಬಾಜು ಮನೆಯ ನೀಲಮ್ಮ. ನಕ್ಕ ಮೇಲೆ ಅವರು ಒಂದು ಪ್ರಶ್ನೆ ಕೇಳಿದರು, ಉತ್ತರ ಹೇಳಲು ನಾನು ತಡವರಿಸಿದೆ. ಸಂಜೆ ಇನ್ನೊಂದು ಪ್ರಶ್ನೆ ಕೇಳಿದರು. ಅದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದೀತೇನೋ ಎಂದು ಬರೆಯುತ್ತಿದ್ದೇನೆ.

ಮೊದಲಿನಿಂದಲೇ ಹೇಳುತ್ತೇನೆ. ಇಲ್ಲದಿದ್ದರೆ ನನಗೇ ತಿಳಿಯುವುದಿಲ್ಲ.

ಈ ಅಂಕಣ ಓದುವವರಿಗೆ ಅಣ್ಣಿಗೇರಿಯ ನಮ್ಮ ಓಣಿ ಹೊಸದಲ್ಲ. ನಳದ ನೀರು ಬಂದ ದಿನ ಇಲ್ಲಿ ನಡೆಯುವ ಯುದ್ಧದ ವರದಿಯನ್ನು ಇದೇ ಜಾಗದಲ್ಲಿ ಓದಿದ್ದೀರಿ. ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಗೋಡೆಗೆ ಗೋಡೆ ಹತ್ತಿಕೊಂಡ ಮನೆ ನೀಲಮ್ಮನವರದು. ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಊರಿಗೆ ಅವರು ನೀಲಮ್ಮ, ನಮಗೆ ಆಯಿ. ನಾನು ಹೈಸ್ಕೂಲಿಗೆ ಗಣಿತ ಕಲಿಸಲು, ನಮ್ಮವರು ಬೀಜದ ಅಂಗಡಿಗೆ ಹೊರಟುಹೋದರೆ, ಕೃಪಾ ಬೆಳೆದದ್ದು ಆಯಿಯ ಕಟ್ಟೆಯ ಮೇಲೆ. ನನ್ನ ಮಗಳಿಗೆ ರೊಟ್ಟಿ ಬಡಿಯಲು ಕಲಿಸಿದವರು ಅವರು. ಬೈಯಲು ಕಲಿಸಿದವರೂ ಅವರೇ.

ಇನ್ನು ಮಣ್ಣೆತ್ತಿನ ಅಮಾವಾಸ್ಯೆ. ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ, ದೂರದವರಿಗಾಗಿ ಹೇಳುತ್ತೇನೆ. ಮುಂಗಾರಿನ ದಿನಗಳಲ್ಲಿ ಹೊಲದ ಕರಿಮಣ್ಣು ತಂದು ಜೋಡೆತ್ತು ಮಾಡುತ್ತಾರೆ. ಅವುಗಳ ಮುಂದೆ ಮೇವಿಗೊಂದು ಗೋದಲಿ ಮಾಡುತ್ತಾರೆ. ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡಿ ಎಡೆ ಹಿಡಿಯುತ್ತಾರೆ. ವಾತದಿಂದ ಆಯಿಯ ಬೆರಳುಗಳು ಸೊಟ್ಟಗಾದ ಮೇಲೆ ಆ ಮನೆಯ ಎತ್ತು ಮಾಡುವ ಕೆಲಸ ಕೃಪಾಳ ಪಾಲಿಗೆ ಬಂತು. ಅವಳ ಕೈಯಲ್ಲಿ ಅದೇನಿದೆಯೋ. ಕೊರಳ ಕೆಳಗಿನ ಗಂಗೆದೊಗಲು ಕೂಡ ನಿಜವಾದ ಎತ್ತಿನದರಂತೆ ಮಡಿಕೆ ಮಡಿಕೆಯಾಗಿ ಇಳಿಯುತ್ತದೆ. ಓಣಿಯ ಹುಡುಗರೆಲ್ಲ ಬಂದು ನೋಡಿಕೊಂಡು ಹೋಗುತ್ತಾರೆ.

ಕ್ರಿಸ್‌ಮಸ್‌ಗೆ ನಮ್ಮ ಮನೆಯಲ್ಲೂ ಗೋದಲಿ ಇಡುತ್ತೇವೆ. ಅದರಲ್ಲಿ ಯೇಸುಸ್ವಾಮಿಯ ಕೂಸು, ಮರಿಯಮ್ಮ, ಯೋಸೇಫ, ಬಾಜುವಿನಲ್ಲಿ ಎರಡು ಎತ್ತು. ಅವನ್ನೂ ಮಾಡುವವಳು ಕೃಪಾ. ಮಣ್ಣು ಆಯಿಯ ಹೊಲದ್ದು. ಆಯಿ ಸೊಸೆಯನ್ನು ಕರೆದುಕೊಂಡು ನೋಡಲು ಬರುತ್ತಾರೆ. ಕೂಸಿಗೆ ಒಂದು ಸಲ, ಎತ್ತುಗಳಿಗೆ ಒಂದು ಸಲ ಕೈಮುಗಿದು, ಆಮೇಲೆ ಎಷ್ಟೋ ಹೊತ್ತು ಎತ್ತುಗಳನ್ನೇ ನೋಡುತ್ತಾರೆ. "ಎತ್ತಿಗೆ ಒಂದೀಟು ಮೇವು ಹಾಕ್ರೆಬೇ" ಎಂದು ಬೈದು, ಕೇಕು ತಿಂದು ಹೋಗುತ್ತಾರೆ.

ಹೀಗೆ ನಡೆದಿತ್ತು. ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ.

ಈಗ ಕ್ಯಾಂಪಿನ ಕಥೆ. ಹತ್ತನೆಯ ಪರೀಕ್ಷೆ ಮುಗಿದದ್ದೇ ಕೃಪಾ ಮೊಬೈಲ್ ಹಿಡಿದು ಹಾಸಿಗೆ ಹಿಡಿದಳು. ಉಣ್ಣಲು ಏಳುತ್ತಿದ್ದಳು, ಮತ್ತೆ ಮಲಗುತ್ತಿದ್ದಳು. ಚರ್ಚಿಗೆ ಬಂದರೂ ಕೈ ಚೀಲದೊಳಗಿನ ಮೊಬೈಲಿನ ಮೇಲೇ ಇರುತ್ತಿತ್ತು, ಕಣ್ಣೂ ಅಲ್ಲೇ. ನಮ್ಮ ಸಭೆಯ ಪಾಸ್ಟರು ಒಂದು ಭಾನುವಾರ ನನ್ನನ್ನು ತಡೆದು ಹೇಳಿದರು:

"ಕಲಘಟಗಿ ಕಡೆ ಅಡವಿ ಬಾಜು ಯೂಥ್ ಕ್ಯಾಂಪ್ ಐತ್ರಿ ಟೀಚರ. ಒಂದು ವಾರ. ಮಗಳನ್ನ ಕಳಸ್ರಿ. ಅಲ್ಲೆ ಮೊಬೈಲ್ ಅಲೋ ಇಲ್ಲ."

ಕೊನೆಯ ವಾಕ್ಯ ಕೇಳಿ ತಕ್ಷಣ ಹೂಂ ಅಂದೆ. (ಆತ್ಮದ ಉದ್ಧಾರ ಆಮೇಲೆ. ಮೊದಲು ಕಣ್ಣಿನ ಉದ್ಧಾರ.) ಕೃಪಾ ಮುಖ ಊದಿಸಿಕೊಂಡು ಬಸ್ಸು ಹತ್ತಿದಳು. ದಾರಿಯಲ್ಲಿ ದುಮ್ಮವಾಡ ಎಂಬ ಊರು ದಾಟುವವರೆಗೂ ಸಿಟ್ಟಿನಲ್ಲೇ ಇದ್ದಳಂತೆ.

ವಾರದ ಮೇಲೆ ಬಸ್‌ಸ್ಟ್ಯಾಂಡಿಗೆ ಕರೆತರಲು ಹೋದೆ. ಊಟ ಚೆನ್ನಾಗಿರಲಿಲ್ಲ, ಸೊಳ್ಳೆ ಕಡಿದವು, ಇನ್ನೊಮ್ಮೆ ಕಳಿಸಿದರೆ ನೋಡು. ಇಷ್ಟನ್ನು ಕೇಳಲು ಸಿದ್ಧಳಾಗಿ ನಿಂತಿದ್ದೆ. ಇಳಿದವಳು ಚೀಲ ಅಲ್ಲೇ ಬಿಟ್ಟು ನನ್ನನ್ನು ಅಪ್ಪಿಕೊಂಡು ಅಳತೊಡಗಿದಳು. ಶೇಂಗಾ ಮಾರುವವನು ನಮ್ಮನ್ನೇ ನೋಡುತ್ತಿದ್ದ.

"ಮಮ್ಮಿ, ಸಾರಿ."

"ಯಾಕಬೇ? ಏನ್ ಕಳಕೊಂಡು ಬಂದಿ?"

ಹೊಸ ನೀರಿನ ಬಾಟಲಿ ಹೋಗಿರಬೇಕು ಅಂದುಕೊಂಡೆ.

"ಏನೂ ಕಳಕೊಂಡಿಲ್ಲ. ಎಲ್ಲಾದಕ್ಕೂ ಸಾರಿ."

ಎಲ್ಲಾದಕ್ಕೂ ಅಂದರೆ? ಅದೆಷ್ಟು ದೊಡ್ಡ ಲೆಕ್ಕ! ಬಿಡಿಸಿ ಕೇಳಲು ಧೈರ್ಯ ಸಾಲದೆ ಚೀಲ ಎತ್ತಿಕೊಂಡು ನಡೆದೆ.

ಅಲ್ಲಿಂದ ಶುರುವಾಯಿತು. ನನಗಿಂತ ಮೊದಲು ಏಳುವುದು. ಕಿಟಕಿಯ ಹತ್ತಿರ ಸತ್ಯವೇದ ತೆರೆದುಕೊಂಡು ಕಣ್ಣು ಮುಚ್ಚಿ ಕೂರುವುದು. (ಅದಕ್ಕೆ ಕ್ವಾಯಿಟ್ ಟೈಮ್ ಅನ್ನುತ್ತಾರಂತೆ. ನಮ್ಮ ಮನೆಯಲ್ಲಿ ಕ್ವಾಯಿಟ್ ಅನ್ನುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.) ಹೇಳದೆ ಪಾತ್ರೆ ತೊಳೆಯುವುದು. ಎಂಟನೇ ಕ್ಲಾಸಿನಲ್ಲಿ ಮಾತು ಬಿಟ್ಟಿದ್ದ ಗೆಳತಿಯ ಮನೆಗೆ ಹೋಗಿ ತಪ್ಪಾಯಿತು ಅನ್ನುವುದು. ಜ್ವರವಿದೆಯೇನೋ ಎಂದು ನಾನು ಒಂದು ದಿನ ಹಣೆ ಮುಟ್ಟಿಯೂ ನೋಡಿದೆ. ತಣ್ಣಗೇ ಇತ್ತು.

"ಅಲ್ಲೆ ಏನ್ ಮಾಡಿದ್ರು ನಿಮಗ?" ಎಂದು ಕೇಳಿದೆ.

"ಏನೂ ಮಾಡಲಿಲ್ಲ ಮಮ್ಮಿ. ಹಾಡಿದ್ವಿ, ಆಡಿದ್ವಿ, ಬೈಬಲ್ ಓದಿದ್ವಿ. ಒಂದಿನ ಒಬ್ಬಾಕಿನ ಗಿಡದ ಕೆಳಗ ಕುಂತಿದ್ದೆ. ಯೇಸು ನನ್ನ ಹೆಸರು ಹಿಡದು ಕರದಂಗಾತು."

ಇದಕ್ಕೆ ತಾಯಿಯಾದವಳು ಏನು ಹೇಳಬೇಕು? ನಾನು "ಊಟಕ್ಕ ಬಾ" ಅಂದೆ.

ನಾವು ಮೂರು ತಲೆಮಾರಿನ ಕ್ರೈಸ್ತರು. ಹುಟ್ಟಿದಾಗಿನಿಂದ ಚರ್ಚಿನಲ್ಲಿ ಪಾಸ್ಟರುಗಳ ಪ್ರಸಂಗ ಕೇಳುತ್ತ ಬಂದವಳು ನಾನು. ನನ್ನ ಹೆಸರು ಹಿಡಿದು ಯಾರೂ ಕರೆದಿರಲಿಲ್ಲ. ಅಂಥ ಗಿಡದ ಕೆಳಗೆ ಕೂರಲು ನನಗೆ ಪುರಸೊತ್ತೂ ಇರಲಿಲ್ಲ ಅನ್ನಿ. ನಮ್ಮ ಮನೆಯಲ್ಲಿ ದೇವರು ತೀರಿಹೋದ ಹಿರಿಯರ ಫೋಟೋದಂತೆ ಇದ್ದ. ಗೋಡೆಯ ಮೇಲೆ, ಗೌರವವಾಗಿ, ಯಾರಿಗೂ ತೊಂದರೆ ಕೊಡದೆ. ಈಗ ಅವನು ಗೋಡೆಯಿಂದ ಇಳಿದು ಬಂದು ನನ್ನ ಮಗಳ ಜೊತೆ ಮಾತಾಡತೊಡಗಿದ್ದ. ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು. ಹೆದರಿಕೆಯೂ ಆಯಿತು. ಮೂರರಲ್ಲಿ ಯಾವುದು ಜಾಸ್ತಿ ಎಂದು ಕೇಳಬೇಡಿ, ಗಣಿತದ ಟೀಚರಾದರೂ ಹೇಳಲಾರೆ.

"ಮಮ್ಮಿ, ನೀ ಪ್ರಾರ್ಥನಿ ಮಾಡುಮುಂದ ಕುಕ್ಕರಿನ ಸೀಟಿ ಎಣಸ್ತಿ" ಎಂದಳು ಒಂದು ದಿನ.

ಹೌದು, ಎಣಿಸುತ್ತೇನೆ. ನಾನು ಎಣಿಸದಿದ್ದರೆ ಬೇಳೆ ತಳ ಹತ್ತುವುದಿಲ್ಲವೇ? ಆದರೂ ಅವಳು ಹೇಳಿದ ಮೇಲೆ ಕಣ್ಣು ಮುಚ್ಚುವುದೇ ಕಷ್ಟವಾಗಿದೆ.

ನಮ್ಮವರು ಮಾತ್ರ ಆರಾಮಾಗಿದ್ದರು. "ಕ್ಯಾಂಪಿನ ಬಿಸಿ ಅದು. ಒಂದು ತಿಂಗಳಿಗೆ ಇಳೀತೈತಿ" ಅಂದರು. ತಿಂಗಳಾಯಿತು. ಮಳೆ ಬಂತು, ಕಾಲೇಜು ಶುರುವಾಯಿತು. ಇಳಿಯಲಿಲ್ಲ.

ಅಮಾವಾಸ್ಯೆ ಹತ್ತಿರ ಬಂತು. ಆಯಿಯ ಮಗ ಹೊಲದಿಂದ ಬುಟ್ಟಿ ತುಂಬ ಮಣ್ಣು ತಂದು ಕಟ್ಟೆಯ ಮೇಲಿಟ್ಟ. ಆಯಿ ಗೋಡೆಯ ಆಚೆಯಿಂದಲೇ ಕೂಗಿದರು: "ಕೃಪಾ, ಮಣ್ಣು ಬಂದೈತಿ, ಬಾರವಾ!"

"ನಂಗ ಓದೂದೈತಿ ಆಯಿ" ಎಂದಳು ಇವಳು. ಮರುದಿನ ಮತ್ತೆ ಕೂಗಿದರು. ಮತ್ತೆ ಓದುವುದಿತ್ತು. ಕಾಲೇಜಿನಲ್ಲಿ ಇನ್ನೂ ಪುಸ್ತಕವೇ ಕೊಟ್ಟಿರಲಿಲ್ಲ. ನಾನು ಕೂರಿಸಿಕೊಂಡು ಕೇಳಿದೆ.

"ನಾ ಮಾಡೂದಿಲ್ಲ ಮಮ್ಮಿ. ಪೂಜಿ ಮಾಡಾಕಂತ ಮೂರ್ತಿ ಮಾಡಿಕೊಡಬಾರದು."

"ಮತ್ತ ಕ್ರಿಸ್‌ಮಸ್‌ಗೆ ಮಾಡ್ತಿಯಲ್ಲ ಎತ್ತು?"

"ಅದಕ್ಕ ಯಾರೂ ಕೈಮುಗಿಯೂದಿಲ್ಲ."

"ಆಯಿ ಮುಗೀತಾಳ."

"ಅದು ಆಯಿ ತಪ್ಪು. ತಪ್ಪಲ್ಲ... ಮಮ್ಮಿ, ನನ್ನ ಕನ್‌ಫ್ಯೂಸ್ ಮಾಡಬ್ಯಾಡ."

"ಹಂಗಾರ ಅವರ ಮನಿ ಹೋಳಗಿ ತಿಂತಿಯೋ ಇಲ್ಲೋ?"

ಬಹಳ ಹೊತ್ತು ಯೋಚಿಸಿದಳು. ಹೋಳಿಗೆ ಎಂದರೆ ಜೀವ ಬಿಡುವ ಹುಡುಗಿ. ಕೊನೆಗೆ "ಅದನ್ನ ಕ್ಯಾಂಪಿನಾಗ ಬೈಬಲ್ ಹೇಳಿಕೊಟ್ಟ ಅಕ್ಕಾನ್ನ ಕೇಳಿ ಹೇಳ್ತೇನಿ" ಅಂದಳು. ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಅವಳ ಮುಖ ನೋಡಿ ನಾನೂ ನಗು ನುಂಗಿದೆ.

ನೀವೇ ಹೇಳಿ, ಏನು ಮಾಡಬೇಕಿತ್ತು? ಇಷ್ಟು ವರ್ಷ ನಾನೇ ಅವಳ ಬೆನ್ನು ಹತ್ತಿದ್ದೆ. ಸುಮ್ಮನೆ ತುಟಿ ಆಡಿಸಬೇಡ, ಮನಸ್ಸಿಟ್ಟು ಪ್ರಾರ್ಥನೆ ಮಾಡು, ನಂಬುವುದಾದರೆ ಸರಿಯಾಗಿ ನಂಬು ಎಂದು. ಈಗ ಸರಿಯಾಗಿ ನಂಬಿದ್ದಾಳೆ. ಆಯಿಯ ಸಮಾಧಾನಕ್ಕೆ ಒಂದು ಸಲ ಮಾಡಿಕೊಡು ಅಂದರೆ, ಅಷ್ಟೊಂದು ನಂಬಬೇಡ ಎಂದ ಹಾಗಾಗುತ್ತದೆ. ಮಾಡಬೇಡ ಅಂದರೆ, ಅವಳಿಗೆ ತುತ್ತು ಮಾಡಿ ಉಣಿಸಿದ ಮುದುಕಿಯ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?

ನಾನು ಎರಡೂ ಮಾಡಲಿಲ್ಲ. ಮೂರನೆಯದು ಮಾಡಿದೆ. ಅಟ್ಟ ಹತ್ತಿದೆ.

ಅಟ್ಟದ ಮೇಲೆ ಕ್ರಿಸ್‌ಮಸ್ ಡಬ್ಬಿ ಇರುತ್ತದೆ. ನಕ್ಷತ್ರ, ಲೈಟಿನ ಸರ, ಹಳೆಯ ಪೇಪರಿನಲ್ಲಿ ಸುತ್ತಿಟ್ಟ ಎರಡು ಎತ್ತು. ಕೃಪಾ ಮಾಡಿದ್ದೇ. ಆಯಿಯ ಹೊಲದ ಮಣ್ಣಿನದೇ. ಹಾಗಿದ್ದ ಮೇಲೆ ಸುಳ್ಳೇನು ಬಂತು? ಒದ್ದೆ ಬಟ್ಟೆಯಿಂದ ಒರೆಸಿದೆ. ಮುರಿದ ಕೋಡಿಗೆ ಅಂಟು ಹಚ್ಚಿದೆ. ಬೆನ್ನಿಗೆ ಅಂಟಿದ್ದ ಹತ್ತಿ ಕಿತ್ತೆ. (ಅದು ಹಿಮ. ಅಣ್ಣಿಗೇರಿಯಲ್ಲಿ ಹಿಮ!) ಅಮಾವಾಸ್ಯೆಯ ಹಿಂದಿನ ದಿನ, ಕೃಪಾ ಕಾಲೇಜಿಗೆ ಹೋದ ಹೊತ್ತಿನಲ್ಲಿ, ತಟ್ಟೆಯ ಮೇಲಿಟ್ಟು ಬಟ್ಟೆ ಮುಚ್ಚಿ ಬಾಜು ಮನೆಗೆ ಒಯ್ದೆ.

"ಬಂದ್ವೇನು ನಮ್ಮ ಎತ್ತು!" ಎಂದು ಆಯಿ ಸಡಗರದಿಂದ ಕಣ್ಣಿಗೆ ಚಾಳೀಸು ಏರಿಸಿದರು. ಬಟ್ಟೆ ತೆಗೆದರು. ನೋಡಿದರು. ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ಮತ್ತೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಯವ್ವಾ ಟೀಚರ, ಇವು ಮಲಗ್ಯಾವಲ್ಲ!"

ಮಲಗಿದ್ದವು. ನಾಲ್ಕೂ ಕಾಲು ಮಡಚಿಕೊಂಡು, ಕೂಸಿನ ಕಡೆ ಕತ್ತು ಚಾಚಿ, ಅಗದಿ ಆರಾಮಾಗಿ ಮಲಗಿದ್ದವು. ಗೋದಲಿಯಲ್ಲಿ ಕೂಸು ಮಲಗಿರುವಾಗ ಎತ್ತೂ ಮಲಗಬೇಕಲ್ಲ! ಇಷ್ಟು ವರ್ಷ ಮನೆಯಲ್ಲಿಟ್ಟುಕೊಂಡು ನೋಡಿದ ನನಗೆ ಅದು ತೋಚಿಯೇ ಇರಲಿಲ್ಲ.

"ಬಿತ್ತೂ ಹೊತ್ತಿನಾಗ ಎತ್ತು ಮಲಗಿದ್ರ ಹೊಲಕ್ಕ ಯಾರು ಹೋಗೂದು? ನೀವ ಹೋಗ್ತೀರೇನು, ನೊಗಾ ಹೊತಗೊಂಡು?"

ಸೊಸೆ ಬಂದಳು, ನಕ್ಕಳು. ಮೊಮ್ಮಕ್ಕಳು ಬಂದರು. ಎದುರು ಮನೆಯವರು ಬಂದರು. ಮಳೆಗಾಲದ ಹೊತ್ತಿನಲ್ಲಿ ಮಲಗಿದ ಎತ್ತು ತಂದು ಕೊಟ್ಟ ಟೀಚರನ್ನು ನೋಡಲು ಅರ್ಧ ಓಣಿ ಸೇರಿತು. ನಾನೂ ನಕ್ಕೆ. ನಗದೆ ಮತ್ತೇನು ಮಾಡಲಿ?

ಅಷ್ಟರಲ್ಲಿ ಆಯಿ ಎತ್ತಿನ ಹೊಟ್ಟೆಯನ್ನು ಉಗುರಿನಿಂದ ಕೆರೆದು ನೋಡಿದರು. ನಗು ನಿಂತಿತು.

"ಇದು ಹಳೇ ಮಣ್ಣು" ಅಂದರು. "ಕೃಪಾ ಯಾಕ ಬರವಲ್ಲಳು?"

ಇದು ಮೊದಲನೆಯ ಪ್ರಶ್ನೆ. ಪಿಯುಸಿ, ಸೈನ್ಸು, ಟ್ಯೂಶನ್ ಎಂದು ಏನೇನೋ ಹೇಳಿದೆ. ಅವರು ಕೇಳಿಸಿಕೊಂಡರು. ಎತ್ತುಗಳನ್ನು ಅದೇ ಬಟ್ಟೆಯಲ್ಲಿ ಮೆತ್ತಗೆ ಸುತ್ತಿ ನನ್ನ ಕೈಗಿಟ್ಟರು.

"ಇವು ನಿಮ್ಮ ದೇವರ ಎತ್ತು. ನಿಮ್ಮಲ್ಲೇ ಇರಲಿ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟು ಮಾಡಿಕೊಂಡು ಮನೆಗೆ ಬಂದುಬಿಡುತ್ತಿದ್ದೆ. ಅವರು ಹಾಗೆ ಹೇಳಲಿಲ್ಲ.

ಸಂಜೆ ಕಾಲೇಜಿನಿಂದ ಬಂದ ಕೃಪಾ ಮೇಜಿನ ಮೇಲಿದ್ದ ಎತ್ತುಗಳನ್ನು ನೋಡಿದಳು. ನಡೆದದ್ದು ಹೇಳಿದೆ. ಯೇಸುವಿನ ಎತ್ತನ್ನು ಪೂಜೆಗೆ ಕೊಟ್ಟೆಯಾ ಎಂದು ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಅವಳು ಕುರ್ಚಿಯ ಮೇಲೆ ಕುಸಿದು ಕೂತು ಅತ್ತಳು.

"ಆಯಿಗೆ ಏನ್ ಅಂತ ಹೇಳಿದಿ?"

"ಓದೂದೈತಿ ಅಂದೆ."

"ಅದು ಸುಳ್ಳು."

"ಹೂಂ. ನೀನೂ ಅದನ್ನ ಹೇಳಿದ್ದಿ."

"ಅದಕ್ಕ ಅಳಾಕ ಹತ್ತೇನಿ" ಅಂದಳು. ಕಣ್ಣೊರೆಸಿಕೊಂಡು ಕೇಳಿದಳು: "ಮಮ್ಮಿ, ಆಯಿ ಸತ್ತ ಮ್ಯಾಲ ಎಲ್ಲೆ ಹೋಗ್ತಾಳ?"

ಕ್ಯಾಂಪಿನ ಕೊನೆಯ ದಿನ ಮಕ್ಕಳಿಗೆಲ್ಲ ಒಂದು ಮಾತು ಹೇಳಿದರಂತೆ. ನೀವು ಬಹಳ ಪ್ರೀತಿಸುವವರು, ಯೇಸುವನ್ನು ಅರಿಯದವರು ಯಾರಿದ್ದಾರೋ ನೆನೆಸಿಕೊಳ್ಳಿ, ಅವರಿಗಾಗಿ ದಿನಾ ಪ್ರಾರ್ಥನೆ ಮಾಡಿ ಎಂದು. ಇವಳ ಕಣ್ಣಿಗೆ ಮೊದಲು ಬಂದದ್ದು ಆಯಿಯ ಮುಖ. ಅವತ್ತಿನಿಂದ ದಿನಾ ಬೆಳಿಗ್ಗೆ ನಮ್ಮ ಕಿಟಕಿಯಲ್ಲಿ ನಡೆದದ್ದು ಆಯಿಯ ಸಲುವಾಗಿ.

"ನಾನ ಎತ್ತು ಮಾಡಿಕೊಟ್ರ, ನಾನ ಆಕಿನ್ನ ಇನ್ನಷ್ಟು ದೂರ ದೂಡಿದಂಗ ಆಗತೈತಿ ಮಮ್ಮಿ."

ನಾನು ಇದನ್ನು ಹಟ ಅಂದುಕೊಂಡಿದ್ದೆ. ಧಿಮಾಕು ಅಂದುಕೊಂಡಿದ್ದೆ. ಕ್ಯಾಂಪಿನವರು ತಲೆ ಕೆಡಿಸಿ ಕಳಿಸಿದ್ದಾರೆ ಎಂದು ನಮ್ಮವರ ಮುಂದೆ ಗೊಣಗಿದ್ದೂ ಉಂಟು. ಇದು ಪ್ರೀತಿ ಎಂದು ಗೊತ್ತಾದ ಮೇಲೆ ನನ್ನ ಗೊಂದಲ ಕಡಿಮೆಯಾಗಬೇಕಿತ್ತಲ್ಲವೇ? ಎರಡು ಪಟ್ಟಾಯಿತು. ಹಟವಾದರೆ ಬೈದು ಬಿಡಿಸಬಹುದು. ಇದನ್ನು ಹೇಗೆ ಬಿಡಿಸಲಿ? ಯಾಕೆ ಬಿಡಿಸಲಿ?

ನಮ್ಮವರು ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದರು. ಅವರನ್ನೂ ಕೇಳಿದಳು. "ದೇವರು ದೊಡ್ಡಾವ" ಅಂದರು.

"ಅದು ಉತ್ತರ ಅಲ್ಲ ಪಪ್ಪಾ."

ಅಂಗಡಿಯ ಬಾಗಿಲು ಹಾಕಿ ಬರುತ್ತೇನೆ ಎಂದು ಹೊರಟುಹೋದರು. (ಅಂಗಡಿ ಹಾಕಿಕೊಂಡೇ ಬಂದಿದ್ದರು.)

ಕೃಪಾ ಮುಖ ತೊಳೆದುಕೊಂಡು ಎದ್ದಳು. "ನಾ ಹೋಗಿ ಖರೇ ಹೇಳಿ ಬರ್ತೇನಿ."

ಬೇಡ ಅನ್ನಬೇಕು ಅನ್ನಿಸಿತು. ಖರೇ ಹೇಳಬೇಡ ಎಂದು ಮಗಳಿಗೆ ಹೇಗೆ ಹೇಳುವುದು? ಹಿಂದೆಯೇ ಹೋದೆ.

ಆಯಿ ಕಟ್ಟೆಯ ಮೇಲೆ ಮಣ್ಣು ಹರವಿಕೊಂಡು ಕೂತಿದ್ದರು. ಸೊಟ್ಟ ಬೆರಳಿನಲ್ಲಿ ತಾವೇ ಒಂದು ಎತ್ತು ಮಾಡಿ ನಿಲ್ಲಿಸಿದ್ದರು. ಕಾಲು ಒನಕೆಯಷ್ಟು ದಪ್ಪ, ಒಂದು ಕೋಡು ಮೇಲೆ, ಒಂದು ಕೆಳಗೆ. ಆದರೆ ನಿಂತಿತ್ತು. ಎರಡನೆಯದರ ಕಾಲು ನಿಲ್ಲುತ್ತಿರಲಿಲ್ಲ, ಒತ್ತಿದಷ್ಟೂ ಬಾಗುತ್ತಿತ್ತು. ಅದನ್ನು ನೋಡಿ ಕೃಪಾ ತನ್ನ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡಳು.

"ಆಯಿ, ನಂಗ ಓದೂದಿರಲಿಲ್ಲ. ನಾ ಬೇಕಂತನ ಬರಲಿಲ್ಲ."

"ಗೊತ್ತೈತಿ" ಎಂದರು ಆಯಿ, ತಲೆ ಎತ್ತದೆ.

"ಇನ್ನ ಮ್ಯಾಲ ನಾ ಎತ್ತು ಮಾಡೂದಿಲ್ಲ. ಪೂಜಿ ಮಾಡೂವಂಥಾದ್ದು ಮಾಡಿಕೊಟ್ರ ನಮ್ಮ ದೇವರ ಮುಂದ ನಾ ಸುಳ್ಳಾಗತೇನಿ."

"ಹಂಗಾರ ಬಿಡವಾ." ಎತ್ತಿನ ಕಾಲು ಮತ್ತೆ ಬಾಗಿತು. ಆಯಿ ಮತ್ತೆ ಒತ್ತಿದರು. "ಮತ್ತ ಕ್ರಿಸ್‌ಮಸ್‌ಗೆ ನಿಮ್ಮ ಮನಿಗೆ ಬರಬೇಕಂದ್ರ ನಾನೂ ನಮ್ಮ ಮಠದ ಅಯ್ಯಾರನ್ನ ಕೇಳಿ ಬರಬೇಕೇನು?"

ಕೃಪಾ ಅಲ್ಲಿಗೆ ನಿಲ್ಲಿಸುತ್ತಾಳೆ, ಕೈ ಹಿಡಿದು ಕರೆದುಕೊಂಡು ಹೋಗೋಣ ಅಂದುಕೊಂಡೆ. ನಿಲ್ಲಿಸಲಿಲ್ಲ.

"ಆಯಿ, ನಂಗ ಅಂಜಿಕಿ ಆಗತೈತಿ. ಯೇಸುನ್ನ ನಂಬಲಿಲ್ಲಂದ್ರ ನೀ ಸ್ವರ್ಗಕ್ಕ ಬರಂಗಿಲ್ಲ. ನಾ ಅಲ್ಲೆ ಇರ್ತೇನಿ, ನೀ ಇರಂಗಿಲ್ಲ."

ಹೇಳಿಯೇಬಿಟ್ಟಳು. ಬಯಲು ಕಟ್ಟೆಯ ಮೇಲೆ, ದೀಪ ಹಚ್ಚುವ ಹೊತ್ತಿನಲ್ಲಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹಿರಿಯ ಜೀವದ ಮುಂದೆ. ಇಂಥ ಮಾತು ಈಗಿನ ಕಾಲದಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಸೊಸೆ ದೀಪದ ಎಣ್ಣೆ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಆಯಿ ಎತ್ತನ್ನು ಕೆಳಗಿಟ್ಟರು. ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡರು. ಕೃಪಾಳನ್ನು ಹತ್ತಿರ ಕರೆದು, ಮುಖ ಎತ್ತಿ ನೋಡಿದರು. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಕಾಣಲಿಲ್ಲ. ನಗುವನ್ನೂ ಹುಡುಕಿದೆ. ಅದೂ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು.

"ನೀ ಇರ್ತಿಯಿಲ್ಲೋ ಅಲ್ಲೆ?"

"ಇರ್ತೇನಿ."

"ನಾ ಬಂದು ಬಾಗಲಾ ಬಡದ್ರ, ತಗೀತಿಯೋ ಇಲ್ಲೋ?"

ಕ್ಯಾಂಪಿಗೆ ಹೋಗುವ ಮೊದಲಿನ ಕೃಪಾ ಆಗಿದ್ದರೆ "ತಗೀತೇನಿ ಆಯಿ" ಎಂದು ಕೊರಳಿಗೆ ಜೋತುಬೀಳುತ್ತಿದ್ದಳು. ಈಗಿನ ಕೃಪಾ ಸುಳ್ಳು ಹೇಳುವುದಿಲ್ಲ. ಕಣ್ಣಿನ ತುಂಬ ನೀರು. ಆಮೇಲೆ ತಿರುಗಿ, ಉತ್ತರಕ್ಕಾಗಿ ನನ್ನ ಮುಖ ನೋಡಿದಳು.

ನಾನು ಯಾರ ಮುಖ ನೋಡಲಿ?